ಜ್ಯೂಲಿಯ ಕೈಯ ಗುಳಿಗೆ

ಜ್ಯೂಲಿ ನನಗೆ ಸಂಬಂಧದವಳಲ್ಲ. ನಮ್ಮದು ಮುಂಡಗೋಡದ ಹತ್ತಿರ ಲಂಬಾಣಿ ತಾಂಡಾ. ಅವಳದು ಹಳ್ಳದಾಚೆ ಸಿದ್ದಿಯರ ವಾಡೆ, ಅಂದರೆ ಕೇರಿ. ನಮ್ಮ ಮನೆಯಲ್ಲಿ ಲಂಬಾಣಿ ಮಾತು, ಅವಳ ಮನೆಯಲ್ಲಿ ಕೊಂಕಣಿ. ಇಬ್ಬರೂ ಕೂಡಿದರೆ ಕನ್ನಡ. ಅವಳಿಗೆ ಮಕ್ಕಳಿಲ್ಲ. ನನಗೆ ಒಬ್ಬಳೇ ಮಗಳು, ಕಾಜಲ್. ಆ ಮಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಜ್ಯೂಲಿಯ ಕೈಯಿಂದಲೇ ಗುಳಿಗೆ ನುಂಗಿದಳು. ನನ್ನ ಕೈಯಿಂದ ನುಂಗಲಿಲ್ಲ. ಹೆತ್ತವಳು ನಾನು.

ಜ್ಯೂಲಿ ಕೆಟ್ಟವಳೆಂದು ನಾನು ಹೇಳುವುದಿಲ್ಲ. ಕೆಟ್ಟವಳಾಗಿದ್ದರೆ ನನಗೆ ಅನುಕೂಲವಿತ್ತು.

ಎತ್ತರದ ಹೆಂಗಸು. ನಕ್ಕರೆ ಹೊಲದ ಆ ತುದಿಗೆ ಕೇಳುತ್ತದೆ. ಕಳೆ ತೆಗೆಯುವಾಗ ನಾವು ಒಂದೊಂದು ಸಾಲು ಹಿಡಿದರೆ ಅವಳು ಎರಡು ಹಿಡಿಯುತ್ತಾಳೆ, ಮುಗಿಸಿ ಹಿಂದೆ ಬಿದ್ದವರ ಸಾಲಿಗೆ ಬರುತ್ತಾಳೆ. ಭಾನುವಾರ ಕೂಲಿಗೆ ಬರುವುದಿಲ್ಲ, ಇಗರ್ಜಿಗೆ ಹೋಗುತ್ತಾಳೆ. ಗಂಡ ಅನಮೋಡದ ಗಡಿನಾಕಾ ಹಾದು ಗೋವಾಕ್ಕೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ. ಯಾರಾದರೂ ಕೇಳಿದರೆ, "ನನ್ನ ಗಂಡ ನಾಕಾ ದಾಟ್ಯಾನವಾ, ತಿರುಗಿ ಬರಾಕ ಅವಂಗ ಪರ್ಮಿಟ್ ಇಲ್ಲ" ಎಂದು ಅವಳೇ ಮೊದಲು ನಗುತ್ತಾಳೆ.

ಅವಳಿಗೊಬ್ಬ ತಮ್ಮ, ಕಾಯತಾನ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಜ್ಯೂಲಿ. ಮೀಸೆ ಬರುವ ವಯಸ್ಸಿಗೆ ಅವನಿಗೆ ತಲೆ ಕೆಟ್ಟಿತು. ಒಂದು ತಿಂಗಳು ನಿದ್ದೆಯಿಲ್ಲದೆ ಮಾವಿನ ಮರ ಹತ್ತಿ ಕುಳಿತು ಹಾದಿಯವರಿಗೆಲ್ಲ ಭಾಷಣ. ಮತ್ತೆ ಎರಡು ತಿಂಗಳು ಮೂಲೆ ಹಿಡಿದು ಮಲಗಿ ಅಳು. ಜ್ಯೂಲಿ ಅವನನ್ನು ಕಂಬಕ್ಕೆ ಕಟ್ಟಿದಳು, ದೇವರಿಗೆ ಮೇಣದಬತ್ತಿ ಹಚ್ಚಿದಳು, ಉಳವಿಯ ಗುಡಿಗೂ ಹೋಗಿ ಕಾಯಿ ಒಡೆಸಿದಳು. ಕೊನೆಗೆ ಯಾರೋ ಹೇಳಿದರೆಂದು ಧಾರವಾಡದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಈಗ ಅವನು ಹಳಿಯಾಳದಲ್ಲಿ ಟೆಂಪೋ ಓಡಿಸುತ್ತಾನೆ. ಹೆಂಡತಿ ಇದ್ದಾಳೆ, ಎರಡು ಮಕ್ಕಳು. ಗುಳಿಗೆ ಮಾತ್ರ ಬಿಟ್ಟಿಲ್ಲ.

ಇದನ್ನೆಲ್ಲ ಅವಳು ಕಳೆ ತೆಗೆಯುತ್ತ ನನಗೆ ಹೇಳಿದ್ದಳು. ನಾನು ಮನೆಗೆ ಬಂದು ಗಂಡನಿಗೆ ಹೇಳಿದೆ. ಅವಳನ್ನು ನಮ್ಮ ಮನೆಗೆ ತಂದವಳು ನಾನೇ, ಮತ್ತಾರೂ ಅಲ್ಲ.

ನನ್ನ ಗಂಡನ ಹೆಸರು ಕುಬೇರ. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಆಯುಷ್ಯ ಕಡಿಮೆಯಾಗುತ್ತದಂತೆ. ಇನ್ನು ಏನು ಕಡಿಮೆಯಾಗುವುದಿದೆ?

ಕಾಜಲ್ ಪಿಯುಸಿ ಮೊದಲ ವರ್ಷ ಓದುತ್ತಿದ್ದಳು. ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟಳು. ಹಾಡು, ಕುಣಿತ, ಮಾತು. ನಾಲ್ಕು ಮನೆಯ ಅಂಗಳ ಅವಳೇ ಸಾರಿಸಿದಳು. ನನ್ನ ಅವ್ವ ಕೊಟ್ಟ ಬೆಳ್ಳಿ ಕಡಗವನ್ನು ಬಳೆಗಾರನಿಗೆ ಸುಮ್ಮನೆ ಕೊಟ್ಟು ಬಂದಳು. ಎಂಥ ಚೆಂದ ಕಾಣುತ್ತಿದ್ದಳು ಆಗ. ಮುದುಕರನ್ನು ನಗಿಸುತ್ತಿದ್ದಳು, ಹಸುಗೂಸುಗಳು ಅವಳ ಸೊಂಟ ಬಿಡುತ್ತಿರಲಿಲ್ಲ. ತಾಂಡಾದ ನಾಯಕನ ಹೆಂಡತಿ ಭೀಮಿಬಾಯಿ, "ತುಳಜಾ, ನಿನ್ನ ಹೆಸರಿನ ದೇವೀನ ನಿನ್ನ ಮಗಳ ಮೈಯಾಗ ಬಂದಾಳ" ಎಂದು ಕುಂಕುಮ ಹಚ್ಚಿ ಹೋದಳು. ಜನ ಕಾಯಿ ತಂದರು.

ಆಮೇಲೆ ಕಾಜಲ್ ಇಳಿದಳು. ಗೋಡೆಗೆ ಮುಖ ಮಾಡಿ ಮಲಗಿದಳು. ತಲೆ ಬಾಚಿಸಿಕೊಳ್ಳಲಿಲ್ಲ, ಉಣ್ಣಲಿಲ್ಲ. ಸಾಯುತ್ತೇನೆ ಎಂದಳು. ಆಗ ಕುಂಕುಮ ಹಚ್ಚಲು ಯಾರೂ ಬರಲಿಲ್ಲ. ಬಾಯಿ ತೊಳೆಸಿದವಳು ನಾನು, ಬಟ್ಟೆ ಬದಲಿಸಿದವಳು ನಾನು, ಹಗ್ಗ ಕುಡುಗೋಲು ಬಚ್ಚಿಟ್ಟವಳು ನಾನು.

ಏರಿದ ಕಾಜಲ್ ಎಲ್ಲರವಳು. ಇಳಿದ ಕಾಜಲ್ ನನ್ನವಳು. ನನಗೆ ಸಿಕ್ಕ ಪಾಲು ಅದು.

ಅಪ್ಪ ಮಗಳು ಧಾರವಾಡದ ಆಸ್ಪತ್ರೆಗೆ ಹೋಗಬೇಕಾಯಿತು. ಎಮ್ಮೆ ಈಯುವ ದಿನ, ನಾನು ಮನೆ ಬಿಡುವಂತಿರಲಿಲ್ಲ. ಜ್ಯೂಲಿಗೆ ಆಸ್ಪತ್ರೆ ಗೊತ್ತು, ಯಾವ ಬಾಗಿಲು, ಯಾವ ಚೀಟಿ ಎಲ್ಲ ಗೊತ್ತು. ನಾನೇ ಅವಳನ್ನು ಕಳಿಸಿದೆ. ಆ ಸಲ ಎಮ್ಮೆ. ಮುಂದಿನ ಸಲ ಶುಂಠಿ ಕಳೆ. ಅದರ ಮುಂದಿನ ಸಲ ನಾನು ಬರುತ್ತೇನೆಂದರೆ ನನ್ನ ಗಂಡ, "ಜ್ಯೂಲಿಗೆ ಡಾಕ್ಟರ್ ಮಾತು ತಿಳೀತಾವು, ನೀ ಸುಮ್ಕ ಅಂಜತಿ" ಎಂದ. ಹಾಗೇ ರೂಢಿಯಾಯಿತು. ಮೂವರು ನಸುಕಿನ ಬಸ್ಸಿಗೆ ಹೋಗುತ್ತಿದ್ದರು, ಸಂಜೆ ಬರುತ್ತಿದ್ದರು. ಬರುವಾಗ ಬಾಯಲ್ಲಿ ಒಂದೇ ಮಾತು, ಒಂದೇ ನಗು. ಬಸ್ಸಿನಲ್ಲಿ ಯಾರೋ ಕೋಳಿ ಬಿಟ್ಟದ್ದು, ಕಲಘಟಗಿಯಲ್ಲಿ ಮಿರ್ಚಿ ತಿಂದದ್ದು. ನನಗೂ ಪೊಟ್ಟಣ ಕಟ್ಟಿಸಿ ತರುತ್ತಿದ್ದರು. ತಣ್ಣಗಾಗಿ ಎಣ್ಣೆ ಬಿಟ್ಟ ಮಿರ್ಚಿ.

ನನ್ನ ಗಂಡನಿಗೂ ಜ್ಯೂಲಿಗೂ ನಡುವೆ ಏನಾದರೂ ಇತ್ತೇ ಎಂದು ತಾಂಡಾದ ಹೆಂಗಸರು ಕೇಳಿದ್ದಾರೆ. ಅಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ಜಗಳ ಮಾಡಿ ಮುಗಿಸುತ್ತಿದ್ದೆ. ಹೊಟ್ಟೆಕಿಚ್ಚಿಗೆ ಹಿಡಿಯಲು ಒಂದು ಜುಟ್ಟು ಬೇಕಲ್ಲ, ನನಗೆ ಅದೂ ಇರಲಿಲ್ಲ.

ಔಷಧದಿಂದ ಕಾಜಲ್ ಸುಧಾರಿಸಿದಳು. ಏರುವುದೂ ಕಡಿಮೆ, ಇಳಿಯುವುದೂ ಕಡಿಮೆ. ಮನಸ್ಸು ಏರಿ ಇಳಿಯುವ ಕಾಯಿಲೆ ಇದು, ಬಿಪಿ ಇದ್ದವರ ಹಾಗೆ ಗುಳಿಗೆ ನುಂಗುತ್ತ ಇರಬೇಕು, ಆಗಾಗ ರಕ್ತ ತಪಾಸಣೆ ಮಾಡಿಸಬೇಕು ಎಂದು ಡಾಕ್ಟರರು ಹೇಳಿದ್ದರಂತೆ. ರಾತ್ರಿ ಉಂಡ ಮೇಲೆ ಅಪ್ಪನೇ ಗುಳಿಗೆ ಕೊಡುತ್ತಿದ್ದ. ಅವಳು ನಾಲಿಗೆ ಚಾಚಿ ತೋರಿಸುತ್ತಿದ್ದಳು, ಅವನು ನೋಡಿ ತಲೆ ಸವರುತ್ತಿದ್ದ.

ಮರುವರ್ಷ ಕಬ್ಬಿನ ಹಂಗಾಮಿಗೆ ಅವನು ಹಳಿಯಾಳದ ಕಡೆ ಕಟಾವಿಗೆ ಹೋದ. ಕಬ್ಬಿನ ಟ್ರಾಲಿ ಮಗುಚಿತು. ಕೆಳಗೆ ಅವನಿದ್ದ. ಇದರ ಬಗ್ಗೆ ಇಷ್ಟೇ.

ಆ ರಾತ್ರಿಯಿಂದ ಕಾಜಲ್ ನನ್ನ ಕೈಯ ಗುಳಿಗೆ ಉಗುಳಿದಳು. ಬಾಯಿ ಬಿಗಿ ಹಿಡಿದಳು. ನನ್ನ ಕೈ ನೋಡಿದರೆ ಬಾಪು ಇಲ್ಲ ಎಂದು ನೆನಪಾಗುತ್ತದೆ ಎಂದಳು. ಹೊಡೆದೆ. ಕಾಲು ಹಿಡಿದೆ. ಆಗಲಿಲ್ಲ. ಮಣ್ಣು ಮಾಡಿ ಬಂದ ಮೂರನೆಯ ದಿನ ಜ್ಯೂಲಿ ಬಂದಳು. "ಬಾಯಿ ತಗಿ, ರಾಣಿ" ಎಂದಳು. ಕಾಜಲ್ ಬಾಯಿ ತೆರೆದಳು. ನಾಲಿಗೆಯನ್ನೂ ಚಾಚಿ ತೋರಿಸಿದಳು.

ಅಂದಿನಿಂದ ಜ್ಯೂಲಿ ದಿನಾ ಸಂಜೆ ಹಳ್ಳ ದಾಟಿ ಬರುತ್ತಿದ್ದಳು. ಕೂಲಿ ಮುಗಿಸಿ ನಾನೂ ಅವಳೂ ಒಂದೇ ದಾರಿಯಲ್ಲಿ ಬಂದಿರುತ್ತಿದ್ದೆವು. ಅವಳು ಮನೆಗೆ ಹೋಗಿ ಮತ್ತೆ ಬರುತ್ತಿದ್ದಳು. ಕಾಜಲ್ ಅವಳನ್ನು ಮಾವಶಿ ಎಂದು ಕರೆಯಲು ಶುರು ಮಾಡಿದಳು. ಮಾವಶಿ ಎಂದರೆ ತಾಯಿಯ ತಂಗಿ. ನನಗೆ ತಂಗಿ ಇಲ್ಲ. ಅವಳನ್ನು ನನ್ನ ತಂಗಿ ಮಾಡಲು ನನ್ನನ್ನು ಯಾರೂ ಕೇಳಲಿಲ್ಲ. ನಾನು ಅವಳನ್ನು ಹೊಸ್ತಿಲಲ್ಲೇ ಕೂರಿಸುತ್ತಿದ್ದೆ. ಒಳಗೆ ಬಾ ಎನ್ನಲಿಲ್ಲ. ಅವಳೂ ಕೇಳಲಿಲ್ಲ.

ಗಂಡ ಸತ್ತ ವರ್ಷ ನಮ್ಮ ಮನೆಯಲ್ಲಿ ತೀಜ್ ಇಲ್ಲ. ಮರುವರ್ಷದ ಶ್ರಾವಣದಲ್ಲಿ ಕಾಜಲ್ ತಾನೂ ಕೂರುತ್ತೇನೆಂದಳು.

ತೀಜ್ ಎಂದರೆ ನಮ್ಮ ಮದುವೆಯಾಗದ ಹುಡುಗಿಯರ ಹಬ್ಬ. ಬುಟ್ಟಿಯಲ್ಲಿ ಗೊಬ್ಬರ ಮಣ್ಣು ತುಂಬಿ ಗೋಧಿ ಬಿತ್ತಿ ನಾಯಕನ ಮನೆಯ ಮುಂದಿನ ಚಪ್ಪರದಲ್ಲಿ ಇಡುತ್ತಾರೆ. ಒಂಬತ್ತು ದಿನ ಹಾಡು ಹೇಳುತ್ತ ಕೊಡದಲ್ಲಿ ನೀರು ತಂದು ಹನಿಸುತ್ತಾರೆ. ಸಸಿ ಚೆನ್ನಾಗಿ ಬಂದವಳಿಗೆ ಒಳ್ಳೆಯ ಗಂಡ. ಅಷ್ಟೂ ದಿನ ಹುಡುಗಿಯರು ಉಪ್ಪು ಖಾರ ಮುಟ್ಟುವುದಿಲ್ಲ. ರೊಟ್ಟಿ ಪುಡಿ ಮಾಡಿ ಬೆಲ್ಲ ತುಪ್ಪ ಕಲಸಿ ತಿನ್ನುತ್ತಾರೆ. ನಾನೂ ಹುಡುಗಿಯಾಗಿದ್ದಾಗ ತಿಂದದ್ದೇ. ನಮ್ಮ ತಾಂಡಾದಲ್ಲಿ ಆ ದಿನಗಳಲ್ಲಿ ಹೊರಗಿನವರು ಅವರನ್ನು ಮುಟ್ಟುವುದೂ ಇಲ್ಲ.

ಹೊರಗಿನವರು. ಆ ಮಾತು ನನಗೆ ತುಪ್ಪದ ಹಾಗೆ ಇಳಿಯಿತು.

ತೀಜಿನ ಹಿಂದಿನ ದಿನ ಜ್ಯೂಲಿಗೆ ಹೇಳಿದೆ. "ನಾಳಿಂದ ನೀ ಬರೂದು ಬ್ಯಾಡ. ತೀಜ್ ಐತಿ. ಹುಡುಗ್ಯಾರ್ನ ಹೊರಗಿನವರು ಮುಟ್ಟಂಗಿಲ್ಲ."

"ಮುಟ್ಟೂದಿಲ್ಲಕ್ಕಾ. ದೂರ ನಿಂತು ಕೊಡ್ತೇನಿ."

"ದೂರ ನಿಂತು ಒಗೀತೀಯೇನ, ಕೋಳಿಗೆ ಕಾಳು ಒಗದಂಗ?"

ಅವಳು ನಕ್ಕಳು. ನಗಲಿ ಎಂದು ನಾನು ಹೇಳಿರಲಿಲ್ಲ. ಆಮೇಲೆ, "ಹಂಗಾರ ನೀ ಕೊಡು. ಇಸಗೊಳ್ಳಲಿಲ್ಲಂದ್ರ ಹೇಳಿ ಕಳಸು. ನೀರು ಭಾಳ ಕುಡಸು. ಮತ್ತ ಉಣ್ಣೂದರಾಗ ಏನಂದ್ರ..." ಎಂದಳು.

"ನನ್ನ ಮಗಳಿಗೆ ಉಣಸೂದು ನನಗ ಕಲಸ್ತಿ?"

ಅವಳು ಗುಳಿಗೆ ಡಬ್ಬಿ ನನ್ನ ಕೈಗೆ ಕೊಟ್ಟು ಹೋದಳು.

ತೀಜಿನ ಮೊದಲ ಸಂಜೆ ನಾನು ಗುಳಿಗೆ ಹಿಡಿದು ನಿಂತೆ. ಕಾಜಲ್ ನೀರು ಹೊತ್ತು ದಣಿದು ಬಂದಿದ್ದಳು, ಗಂಟಲು ಹಾಡಿ ಹಾಡಿ ಒಡೆದಿತ್ತು. ನನ್ನ ಕೈ ನೋಡಿದಳು. ಮುಖ ನೋಡಿದಳು.

"ಕೊಡು ಯಾಡಿ" ಎಂದಳು.

ಯಾಡಿ ಎಂದರೆ ಅವ್ವ. ಗುಳಿಗೆ ನುಂಗಿ ನಾಲಿಗೆ ಚಾಚಿದಳು. ನಾನು ಹಿತ್ತಲಿಗೆ ಹೋಗಿ ಎಮ್ಮೆಯ ಕೊರಳು ಹಿಡಿದು ಅತ್ತೆ. ಅಳುವಾಗಲೂ ಒಂದೇ ಯೋಚನೆ, ಜ್ಯೂಲಿ ಇದನ್ನು ನೋಡಬೇಕಿತ್ತು.

ಮೂರು ನಾಲ್ಕು ದಿನ ಅರಸಿಯ ಹಾಗೆ ಇದ್ದೆ. ಕಾಜಲಳ ಸಸಿ ಎಲ್ಲರಿಗಿಂತ ಮುಂದೆ ಬಂದಿತ್ತು. ಭೀಮಿಬಾಯಿಯ ಮೊಮ್ಮಗಳ ಬುಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು. ವಿಧವೆಯೆಂದು ನಾನು ಚಪ್ಪರದೊಳಗೆ ಹೋಗುವಂತಿರಲಿಲ್ಲ, ಹೊರಗೆ ನಿಂತೇ ನೋಡಿ ಬರುತ್ತಿದ್ದೆ. ದಿನಕ್ಕೆ ಎಷ್ಟು ಸಲ ಎಂದು ಕೇಳಬೇಡಿ.

ಐದನೆಯ ದಿನ ಅವಳ ಕೈ ನಡುಗಿತು. ಕೊಡದ ನೀರು ಚೆಲ್ಲಿತು. ಕೂಲಿ ಮಾಡದ ಕೈ, ಕೊಡ ಭಾರ ಎಂದುಕೊಂಡೆ. ಆರನೆಯ ದಿನ ತಿಂದದ್ದೆಲ್ಲ ವಾಂತಿ. ಹೊಟ್ಟೆಯೂ ಕೆಟ್ಟಿತು. ಹಾಡಿನ ಸಾಲು ತೊದಲಿದಳು. ನಡೆದರೆ ಕುಡಿದವರ ಹಾಗೆ ಪಕ್ಕಕ್ಕೆ ಹೋಗುತ್ತಿದ್ದಳು.

ಭೀಮಿಬಾಯಿ ಬಂದು ನೋಡಿ ಸೆರಗು ತಲೆಯ ಮೇಲೆ ಹೊದ್ದಳು. "ಮೈ ನಡಗಾಕತ್ತೇತಿ. ದೇವಿ ಬರೂ ಹೊತ್ತು. ತೀಜಿನಾಗ ಬರೂದು ಅಂದ್ರ ಸಣ್ಣ ಮಾತಲ್ಲ, ತುಳಜಾ."

ಹೆಂಗಸರು ಬಂದರು. ಕಾಯಿ ಬಂತು, ಊದುಬತ್ತಿ ಬಂತು. ಗಂಡ ಸತ್ತ ಮೇಲೆ ನನ್ನ ಬಾಗಿಲಿಗೆ ಅಷ್ಟು ಜನ ಬಂದಿರಲಿಲ್ಲ. ಶುಭದ ಕೆಲಸಕ್ಕೆ ನನ್ನ ಮುಖ ತಪ್ಪಿಸಿ ಹೋಗುತ್ತಿದ್ದವರು ನನ್ನ ಅಂಗಳದಲ್ಲಿ ಕುಳಿತಿದ್ದರು. ನಾನು ಚಾಪೆ ಹಾಸಿದೆ.

ಆದರೆ ನಾನು ಅವಳ ತಾಯಿ. ಏರಿದ ಕಾಜಲ್ ನನಗೆ ಗೊತ್ತು, ಕಣ್ಣು ಉರಿಯುವ ದೀಪದ ಹಾಗೆ ಇರುತ್ತದೆ. ಇಳಿದ ಕಾಜಲ್ ಇನ್ನೂ ಚೆನ್ನಾಗಿ ಗೊತ್ತು. ಇದು ಎರಡೂ ಅಲ್ಲ. ಇವಳ ಕಣ್ಣು ಮಂಜಾಗಿತ್ತು. ನೀರಿನ ಲೋಟ ತುಟಿಗೆ ತರಲು ಹೋಗಿ ಗಲ್ಲಕ್ಕೆ ತಂದಳು. ದೇವಿ ಬಂದರೆ ಲೋಟ ತಪ್ಪುವುದಿಲ್ಲ.

ನಾನು ಯಾರಿಗೂ ಹೇಳದೆ ಹಿತ್ತಲಿಂದ ಇಳಿದು ಹಳ್ಳ ದಾಟಿದೆ.

ಜ್ಯೂಲಿಯ ಮನೆ ನಾನು ಅವತ್ತೇ ಮೊದಲು ನೋಡಿದ್ದು. ಒಂದು ಕೋಣೆ. ಗೋಡೆಯಲ್ಲಿ ಏಸು, ಕೆಳಗೆ ಮೊಳೆಗೆ ಒಂದು ಗುಲಾಬಿ ರಿಬ್ಬನ್ ಸಿಕ್ಕಿಸಿತ್ತು. ಕಾಜಲಳದು. ಕಳೆದುಹೋಯಿತು ಎಂದು ನನಗೆ ಹೇಳಿದ್ದಳು. ಅಂಥ ಹೊತ್ತಿನಲ್ಲೂ ನನ್ನ ಕಣ್ಣಿಗೆ ಬಿದ್ದದ್ದು ಆ ರಿಬ್ಬನ್.

ಜ್ಯೂಲಿ ಭತ್ತ ಕೇರುತ್ತಿದ್ದಳು. ನಾನು ಕೈ ನಡುಕ, ವಾಂತಿ, ತೊದಲು ಎಲ್ಲ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ಏನು ತಿಂತಾಳ?"

"ತೀಜಿನ ಊಟ. ಬೆಲ್ಲ, ರೊಟ್ಟಿ."

"ಉಪ್ಪು?"

"ತೀಜಿನಾಗ ಉಪ್ಪು ಎಲ್ಲೀದು?"

ಅವಳ ಮುಖ ಬೂದಿಯಾಯಿತು. "ಗುಳಗಿ ಕೊಡಾಕತ್ತೀಯೇನ?"

"ದಿನಾ. ನನ್ನ ಕೈಲೇ ತಗೋತಾಳ." ಆಗಲೂ ಹೇಳಿದೆ ಅದನ್ನು.

"ಇನ್ನ ಒಂದೂ ಕೊಡಬ್ಯಾಡ. ನಡಿ. ಉಪ್ಪು ಬಿಟ್ರ ಈ ಗುಳಗಿ ಮೈಯಾಗ ನಿಂತು ವಿಷ ಆಗ್ತೇತಿ. ಡಾಕ್ಟರ್ ಬಡಕೊಂಡು ಹೇಳಿದ್ರು. ಅಣ್ಣ ನಿನಗ ಹೇಳಿರಲಿಲ್ಲೇನ?"

ಅಣ್ಣ ಎಂದರೆ ನನ್ನ ಗಂಡ. ನನ್ನ ಗಂಡನಿಗೆ ಗೊತ್ತಿತ್ತು. ಇವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ತಿರುಗಿ ಬರುವಾಗ ಹಳ್ಳದ ನೀರಿನಲ್ಲಿ ನಿಂತು ಅವಳ ರಟ್ಟೆ ಹಿಡಿದೆ.

"ನೀ ಯಾಕ ಹೇಳಲಿಲ್ಲ? ಗಂಟು ಕಟ್ಟಿ ಇಟ್ಕೊಂಡಿದ್ದಿಯೇನ?"

"ಹೇಳಾಕ ಬಂದಿದ್ದೆ. ಬಾಗಲದಾಗ ತಡದಿ." ಅವಳೂ ಸಿಟ್ಟಾಗಿದ್ದಳು. "ನಿಮ್ಮ ಹಬ್ಬದಾಗ ಉಪ್ಪು ಬಿಡ್ತಾರಂತ ನನಗೇನ ಕನಸು ಬೀಳ್ತೇತಿ? ಮೊದಲ ನಡಿ, ಆಮ್ಯಾಲ ಬಡಿ."

ತಾಂಡಾದ ಆಟೋ ತರಿಸಿದೆವು. ಜ್ಯೂಲಿ ನನ್ನ ಹೊಸ್ತಿಲು ದಾಟಿ ಒಳಗೆ ಹೋಗಿ ಕಾಜಲಳನ್ನು ಎತ್ತಿಕೊಂಡಳು. ಭೀಮಿಬಾಯಿ ಎದುರು ನಿಂತಳು. "ವ್ರತದ ಹುಡುಗಿ. ಹೊರಗಿನಾಕಿ ಮುಟ್ಟಿದ್ರ ತಾಂಡಾಕ್ಕೆಲ್ಲ ಕೇಡು."

"ನನಗ ಆಗೂ ಕೇಡು ಆಗಿ ಹೋಗೇತಿ ಭೀಮಿಬಾಯಿ. ಇನ್ನ ಸರದಿ ನಿಮ್ಮದು" ಎಂದೆ. ಆ ಮಾತಿಗೆ ಅವಳು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಮುಂಡಗೋಡದ ಡಾಕ್ಟರರು ಗುಳಿಗೆ ಡಬ್ಬಿ ನೋಡಿದರು, ಸಲೈನ್ ಹಚ್ಚಿದರು, ಆಂಬುಲೆನ್ಸ್‌ನಲ್ಲಿ ಹುಬ್ಬಳ್ಳಿಗೆ ಕಳಿಸಿದರು. ಸಲೈನ್ ಎಂದರೆ ಉಪ್ಪುನೀರು ಎಂದು ಅಲ್ಲಿಯ ನರ್ಸ್ ಹೇಳಿದಳು. ನಾನು ತಪ್ಪಿಸಿದ ಉಪ್ಪು ಒಂದೊಂದೇ ಹನಿಯಾಗಿ ಅವಳ ಕೈಯೊಳಗೆ ಇಳಿಯುವುದನ್ನು ನೋಡುತ್ತ ಕುಳಿತೆ. ಮಂಚದ ಆ ಕಡೆ ಜ್ಯೂಲಿ, ಈ ಕಡೆ ನಾನು. ಮಗಳಿಗೆ ಎಚ್ಚರವಾದರೆ ಮೊದಲು ಯಾರ ಕಡೆ ತಿರುಗುತ್ತಾಳೆ? ಬದುಕಲಿ ಎಂದು ಬೇಡಿಕೊಂಡೆ. ನನ್ನ ಕಡೆ ತಿರುಗಲಿ ಎಂದೂ ಬೇಡಿಕೊಂಡೆ.

ಮರುದಿನ ಮಧ್ಯಾಹ್ನ ಅವಳು ಕಣ್ಣು ಬಿಟ್ಟಳು. ನೆತ್ತಿಯ ಮೇಲಿನ ಫ್ಯಾನು ನೋಡಿದಳು.

"ನನ್ನ ಬುಟ್ಟಿಗೆ ನೀರು ಯಾರು ಹಾಕ್ಯಾರ?"

ಇಬ್ಬರ ಕಡೆಯೂ ತಿರುಗಲಿಲ್ಲ. ಜ್ಯೂಲಿ ಬಾಯಿಗೆ ಸೆರಗು ಒತ್ತಿ ನಕ್ಕಳು, ಆ ನಗು ಅಳುವಾಯಿತು. ನಾನು, "ಭೀಮಿಬಾಯಿ ಹಾಕ್ತಾಳ, ಮಲಕೋ" ಎಂದು ಸುಳ್ಳು ಹೇಳಿದೆ. ಆಮೇಲೆ ತಿಳಿಯಿತು, ಭೀಮಿಬಾಯಿ ನಿಜವಾಗಿಯೂ ಹಾಕಿದ್ದಳು.

ಕಾಜಲ್ ಮತ್ತೆ ನಿದ್ದೆ ಹೋದ ಮೇಲೆ ನಾನು ಜ್ಯೂಲಿಯನ್ನು ಕೇಳಿದೆ. "ಉಪ್ಪಿನ ಮಾತು ನಮ್ಮವರು ನನಗ ಯಾಕ ಹೇಳಲಿಲ್ಲ?"

ಅವಳು ಕಾಜಲಳ ಹೊದಿಕೆ ಎಳೆದು ಸರಿ ಮಾಡಿದಳು. "ಹೇಳಲೇನ? ಸಿಟ್ಟಾಗಬ್ಯಾಡ."

"ಹೇಳು."

"ಡಾಕ್ಟರ್ ಉಪ್ಪು ಬಿಡಬ್ಯಾಡ್ರಿ ಅಂದಾಗ ಅಣ್ಣ ನಕ್ಕ. ಸಾಹೇಬ್ರ, ನಮ್ಮಾಕಿ ಕೈಯಾಗ ಉಪ್ಪು ಕಡಿಮಿ ಆಗೂದು ಈ ಜನ್ಮದಾಗ ಇಲ್ಲ, ಆಕಿ ಸಾರು ಉಂಡ್ರ ಗೋವಾಕ್ಕ ಹೋಗೂದು ಬ್ಯಾಡ, ಸಮುದ್ರ ಮನಿಯಾಗ ಐತಿ ಅಂದ. ಡಾಕ್ಟರೂ ನಕ್ರು. ಹಂಗಾರ ಚಿಂತಿಲ್ಲ ಬಿಡ್ರಿ ಅಂದ್ರು. ಅದಕ್ಕ ನಿನಗ ಹೇಳಲಿಲ್ಲೇನೋ."

ಗಂಡಸು. ತೀಜಿನಲ್ಲಿ ಹುಡುಗಿಯರು ಏನು ತಿನ್ನುತ್ತಾರೆಂದು ಅವನೆಲ್ಲಿ ನೋಡಿದ್ದ.

ಅವನು ಹಾಗೆ ಅಂದದ್ದು ನನಗೆ ಕೇಳಿಸಿತು. ಅವನ ಧ್ವನಿಯಲ್ಲೇ ಕೇಳಿಸಿತು. ಹದಿನೆಂಟು ವರ್ಷ ನನ್ನ ಸಾರು ಉಂಡು ಒಂದು ಮಾತು ಆಡದವನು, ಧಾರವಾಡದಲ್ಲಿ ಪರರ ಮುಂದೆ ಹೇಳಿ ನಗಿಸಿದ್ದ. ಆ ನಗುವಿನಲ್ಲಿ ಜ್ಯೂಲಿ ಇದ್ದಳು, ತೂಕಡಿಸುತ್ತ ಮಗಳೂ ಇದ್ದಳು, ಡಾಕ್ಟರ್ ಇದ್ದರು. ನಾನು ಶುಂಠಿ ಹೊಲದಲ್ಲಿದ್ದೆ.

"ನಮ್ಮವರು ಇನ್ನ ಏನೇನು ಅಂದಿದ್ರು?" ಎಂದೆ.

"ಭಾಳ ಅದಾವ."

"ಎಲ್ಲಾ ಹೇಳು."

"ಇವತ್ತ ಎಲ್ಲಾ ಆಗೂದಿಲ್ಲಕ್ಕಾ" ಎಂದು ಅವಳು ಗೋಡೆಗೆ ತಲೆ ಕೊಟ್ಟು ಕಣ್ಣು ಮುಚ್ಚಿದಳು. ಹಿಂದಿನ ದಿನದಿಂದ ಅವಳು ಉಂಡಿರಲಿಲ್ಲ. ನಾನು ಕೆಳಗೆ ಹೋಗಿ ಇಡ್ಲಿ ತಂದೆ. ನಾನು ಅವಳಿಗೆ ಮೊದಲ ಸಲ ಉಣ್ಣಲು ಕೊಟ್ಟದ್ದು ಅದು.

ಕಾಜಲ್ ಉಳಿದಳು. ಕೈಯ ನಡುಕ ಹೋಗಲು ವಾರ ಹಿಡಿಯಿತು. ಧಾರವಾಡದ ಡಾಕ್ಟರರು ರಕ್ತ ನೋಡಿ ಗುಳಿಗೆಯ ಲೆಕ್ಕ ಬೇರೆ ಮಾಡಿಕೊಟ್ಟರು. ಈ ಸಲ ನಾನು ಹೋಗಿದ್ದೆ. ಎಮ್ಮೆಯನ್ನು ಪಕ್ಕದ ಮನೆಗೆ ಬಿಟ್ಟು ಹೋಗಿದ್ದೆ. ಡಾಕ್ಟರರು ಮಾತಾಡುವಾಗ ಜ್ಯೂಲಿಯ ಮುಂದೆ ಹೋಗಿ ನಿಂತೆ. ಅವಳು ಎತ್ತರ, ನನ್ನ ತಲೆಯ ಮೇಲಿಂದ ಕೇಳಿಸಿಕೊಂಡಳು.

ಅವತ್ತು ಸಂಜೆ ನಾನು ಡಬ್ಬಿ ತೆಗೆಯುವಷ್ಟರಲ್ಲಿ ಜ್ಯೂಲಿಯೂ ಬಂದಳು. ಇಬ್ಬರೂ ಕೈ ಚಾಚಿದೆವು. ಕಾಜಲ್ ಡಬ್ಬಿ ಕಸಿದುಕೊಂಡಳು.

"ನಾ ಏನು ಕೂಸಾ? ಇಬ್ಬರೂ ಕೂಡಿ ನನ್ನ ಕೊಲ್ಲಾಕ ಹೋಗಿದ್ರಿ. ಇನ್ನ ನಾನ ತಗೋತೇನಿ."

ತಾನೇ ನುಂಗಿ ನೀರು ಕುಡಿದಳು. ನಾಲಿಗೆ ಚಾಚಲಿಲ್ಲ. ನಾವಿಬ್ಬರೂ ನೋಡುತ್ತ ನಿಂತಿದ್ದೆವು, ಬಸ್ಸು ತಪ್ಪಿದವರ ಹಾಗೆ.

ಈಗ ಅವಳು ಮತ್ತೆ ಕಾಲೇಜಿಗೆ ಹೋಗುತ್ತಾಳೆ. ನಡುವೆ ಒಮ್ಮೆ ಇಳಿದಳು, ಆದರೆ ಮೊದಲಿನಷ್ಟು ಆಳಕ್ಕಲ್ಲ. ಜ್ಯೂಲಿಗೆ ಸಂಜೆ ನಮ್ಮ ಮನೆಯಲ್ಲಿ ಏನೂ ಕೆಲಸವಿಲ್ಲ. ಆದರೂ ಬರುತ್ತಾಳೆ. ಒಳಗೆ ಬಂದು ಒಲೆಯ ಹತ್ತಿರ ಕೂರುತ್ತಾಳೆ. ಕಾಜಲ್ ಕಾಲೇಜಿನಿಂದ ಬಂದಾಗ ಮೊದಲು ಯಾರನ್ನು ಕರೆಯುತ್ತಾಳೆಂದು ನಾನು ಕಿವಿ ಕೊಟ್ಟಿರುತ್ತೇನೆ. ಕೆಲವು ದಿನ ಯಾಡಿ. ಕೆಲವು ದಿನ ಮಾವಶಿ. ಮಾವಶಿ ಎಂದ ದಿನ ನಾನು ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ. ಜ್ಯೂಲಿ ಹಾಗೇ ಕುಡಿದು ಲೋಟ ತೊಳೆದಿಡುತ್ತಾಳೆ.

ಆಮೇಲೆ ನಾನು ಗಂಡನ ಮಾತು ಎತ್ತಿ ಕೇಳುತ್ತೇನೆ, "ಮತ್ತ ಏನಂದಿದ್ರು ಬಸ್ಸಿನಾಗ?"

ಅವಳು ಒಂದು ಹೇಳುತ್ತಾಳೆ. ಒಂದೇ ಹೇಳುತ್ತಾಳೆ.

"ಇನ್ನ ಎಷ್ಟು ಉಳದಾವ?"

"ಅದಾವ ಬಿಡಕ್ಕಾ. ಎಲ್ಲಾ ಹೇಳಿದ್ರ ನಾಳೆ ನೀ ನನ್ನ ಒಳಗ ಬಿಡ್ತೀಯೇನ?"

ಬಿಡುತ್ತೇನೆ ಎಂದು ನಾನು ಇನ್ನೂ ಹೇಳಿಲ್ಲ. ರೊಟ್ಟಿ ಬಡಿಯುತ್ತೇನೆ. ಅವಳು ಸಾರಿನ ರುಚಿ ನೋಡಿ ಮುಖ ಕಿವುಚುತ್ತಾಳೆ.